ತುಮಕೂರು ಸೀಮೆಯ ಕಾವಲುಗಳು

ತುಮಕೂರು ಸೀಮೆಯ ಕಂದಾಯದ ಕಾಗದಪತ್ರಗಳನ್ನು ಓದುವವರಿಗೆ ‘ಖರಾಬು’ ಮತ್ತು ‘ಕಾವಲು’ ಎಂಬ ಎರಡು ಶಬ್ದಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೊದಲನೆಯದು ಅರಬ್ಬಿ ಮೂಲದಿಂದ ಪಾರಸಿಯ ಮಾರ್ಗವಾಗಿ ಬಂದುದು. ಕೆಟ್ಟದ್ದು, ಹಾಳಾದದ್ದು ಎಂದು ಅದರ ಅರ್ಥ. ಸಾಗುವಳಿಗೆ ಒದಗದ ನೆಲಕ್ಕೆ ಅದನ್ನು ಅನ್ವಯಿಸಿದರು. ಎರಡನೆಯದು ಅಚ್ಚಗನ್ನಡದ ಮಾತು, ಕಾಯ್ದಿಟ್ಟ ನೆಲವೆಂದು ಅದರ ಅರ್ಥ. ಕಣ್ಣಿಗೆ ಇವೆರಡೂ ಒಂದೇ ಬಗೆಯಾಗಿ ತೋರಬಹುದು. ಅಲ್ಲೊಂದು ಜಾಲಿ, ಇಲ್ಲೊಂದು ಮುತ್ತುಗ, ನಡುನಡುವೆ ತಂಗಡಿ, ಬಂದರೆಯ ಪೊದೆಗಳು, ಉಳಿದಂತೆ ಹುಲ್ಲು. ಇಂಥ ನೆಲವನ್ನು ನಾವು ಯಾವ ಹೆಸರಿನಿಂದ ಕರೆದೆವೋ ಅದಕ್ಕೆ ತಕ್ಕಂತೆ ಅದರ ಗತಿಯೂ ನಿರ್ಧಾರವಾಯಿತು.

ಕಾವಲುಗಳ ಚರಿತ್ರೆ ಅರಮನೆಯ ದನಗಳ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಈ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿದ್ದಿತು. ಹೈದರನು ಇದನ್ನು ಬೆಳೆಸಿ ಫಿರಂಗಿ ಎಳೆಯುವ ಎತ್ತುಗಳ ಭಂಡಾರವನ್ನಾಗಿ ಮಾಡಿದನು. ಟಿಪ್ಪುವು ‘ಅಮೃತಮಹಲ್’ ಎಂದು ಹೆಸರು ಬದಲಾಯಿಸಿದನು. 1799ರ ಬಳಿಕ ಇಂಗ್ಲಿಷರ ಕೈಸೇರಿದ ಈ ಇಲಾಖೆ ಕೆಲಕಾಲ ಸೊರಗಿ, 1813ರಲ್ಲಿ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಬಂದ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ ಮಿತವ್ಯಯದ ನೆಪದಿಂದ ಹಿಂಡುಗಳನ್ನೇ ಮಾರಿಬಿಟ್ಟರು. ಸೈನ್ಯಕ್ಕೆ ಎತ್ತುಗಳು ಸಾಲದೆ ಬಂದಾಗ 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ಸರ್ಕಾರಗಳ ಮಿತವ್ಯಯ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. 1882ರಲ್ಲಿ ಇಲಾಖೆ ಮೈಸೂರು ಸರ್ಕಾರಕ್ಕೆ ಮರಳಿತು.

ನಮ್ಮ ವಿಷಯಕ್ಕೆ ಮುಖ್ಯವಾದುದು ಈ ಇಲಾಖೆಯ ಮೇವಿನ ಕ್ರಮ. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ನೀರೂ ನೆರಳೂ ಉಳಿಯುವ ನೆಲಗಳು ಬೇಸಗೆಯ ಕಾವಲುಗಳು. ಮಂದೆ ಒಂದೆಡೆ ನಿಲ್ಲದೆ ಋತುವಿಗೆ ತಕ್ಕಂತೆ ಸಾಗುತ್ತಿತ್ತು. ಒಂದು ಕಾವಲಿನಲ್ಲಿ ದನ ಮೇಯುವಾಗ ಮತ್ತೊಂದರ ಹುಲ್ಲು ಬೆಳೆದು ತೆನೆಯೊಡೆದು ಬೀಜವುದುರಿಸಲು ಅವಕಾಶವಾಗುತ್ತಿತ್ತು. ಸರ್ಕಾರಕ್ಕೆ ಬೇಕಾಗಿದ್ದುದು ಎತ್ತುಗಳೇ ಹೊರತು ಜಿಂಕೆಗಳಲ್ಲ. ಆದರೂ ಆ ಕ್ರಮದಿಂದ ಉಳಿದ ನೆಲ ಎರಡಕ್ಕೂ ಒದಗಿತು.

ಅದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹುಲ್ಲು ಬಿಸಿಲನ್ನು ಬಯಸುವ ಸಸ್ಯ. ಮರಗಳ ತಲೆಗಳು ಒಂದಕ್ಕೊಂದು ಕೂಡಿಕೊಂಡರೆ ಅದು ಸಾಯುತ್ತದೆ. ಮೇಯುವ ಬಾಯಿಗಳು ಎಳೆಯ ಪೊದೆಗಳನ್ನು ಕುಗ್ಗಿಸಿ, ಎತ್ತರದ ಒರಟು ಹುಲ್ಲನ್ನು ಕತ್ತರಿಸಿ, ನೆಲವನ್ನು ತೆರೆದಿಡುತ್ತವೆ. ಕೃಷ್ಣಮೃಗಕ್ಕೆ ಬೇಕಾದುದು ಇದೇ ಗಿಡ್ಡ ಹುಲ್ಲು. ಓಟವೇ ಅದರ ರಕ್ಷಣೆಯಾದುದರಿಂದ ದೂರ ಕಾಣದ ಕಡೆ ಅದು ಬಾಳಲಾರದು. ಸಗಣಿಯನ್ನು ಉರುಳಿಸಿ ಹೂಳುವ ಜೀರುಂಡೆಗಳು ಮಣ್ಣನ್ನು ಸಡಿಲಿಸುತ್ತವೆ. ಹುಳುಗಳನ್ನು ಆಯಲು ನೆಲಗುಬ್ಬಿಗಳು ಬರುತ್ತವೆ. ಚಳಿಗಾಲದಲ್ಲಿ ಮಧ್ಯ ಏಷ್ಯದಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಹುಲ್ಲಿನ ನಡುವೆಯೇ ರಾತ್ರಿ ತಂಗಿ ಮಿಡತೆಗಳನ್ನು ತಿಂದು ರೈತನಿಗೆ ಉಪಕಾರ ಮಾಡುತ್ತವೆ. ಕುರಿಮಂದೆಯ ಹಿಂದೆ ತೋಳವೂ ಉಂಟು. ಜುಂಜಪ್ಪನನ್ನು ಹಾಡುವ ಕಾಡುಗೊಲ್ಲರಿಗೆ ಈ ನಂಟನ್ನು ಯಾರೂ ಕಲಿಸಬೇಕಾದುದಿಲ್ಲ.

ಮರಗಳ ಪಾತ್ರವೂ ಕಡಿಮೆಯದಲ್ಲ. ತುಮಕೂರು ಮತ್ತು ಕುಣಿಗಲ್ ನಡುವಣ ನಾಗವಲ್ಲಿಯ ಸುತ್ತ ಕಾಡುಪಾಪ ಇನ್ನೂ ಬದುಕಿದೆ. ಇರುಳಿನಲ್ಲಿ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ನಡೆದು ಕೀಟಗಳನ್ನು ಹಿಡಿಯುವ ಈ ಪ್ರಾಣಿಗೆ ದಟ್ಟಡವಿ ಬೇಕಿಲ್ಲ. ಹೊಲ, ತೋಟ, ಮೇವುನೆಲಗಳ ಅಂಚಿನಲ್ಲಿ ಕಡಿಯದೆ ಸಾಗುವ ಪೊದೆಬೇಲಿಯೂ ಮರಸಾಲೂ ಸಾಕು. ಬೇಲಿಯ ಜಾಗಕ್ಕೆ ತಂತಿ ಬಂದರೆ ಅದರ ದಾರಿ ಅಲ್ಲಿಗೆ ಮುಗಿಯಿತು.

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿದ್ದ ಅಮೃತಮಹಲ್ ಕಾವಲುಗಳಲ್ಲಿ ಈಗ ಉಳಿದಿರುವುದು ಒಂದು ಸಣ್ಣ ಪಾಲು. ಕುಣಿಗಲ್ಲಿನಲ್ಲಿ, ಟಿಪ್ಪುವಿನ ಅಶ್ವದಳಕ್ಕೆ ಕುದುರೆಗಳನ್ನು ಬೆಳೆಸಿದ ಸ್ಥಳವೆಂದು ಪ್ರಸಿದ್ಧವಾದ ಫಾರಮ್ಮು ಅಂಥ ಹಳೆಯ ಮೇವುನೆಲದ ಇನ್ನೊಂದು ರೂಪ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ನೆಲ ಹೆಲಿಕಾಪ್ಟರ್ ಕಾರ್ಖಾನೆಗೆ ಸಂದಿತು. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆಯಾಯಿತು. ಕಾರ್ಖಾನೆಯ ಅಗತ್ಯವನ್ನು ನಾವಿಲ್ಲಿ ಚರ್ಚಿಸುತ್ತಿಲ್ಲ. ದೊಡ್ಡ ಕೆಲಸಕ್ಕೆ ನೆಲ ಹುಡುಕುವಾಗ ಕಣ್ಣು ಮೊದಲು ಕಾವಲಿನ ಮೇಲೆಯೇ ಬೀಳುವುದೇಕೆ ಎಂಬುದು ಮಾತ್ರ ಇತಿಹಾಸದ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ. ಕಾವಲನ್ನು ಮನಸ್ಸಿನಲ್ಲಿಯೇ ಖರಾಬೆಂದು ಬರೆದುಕೊಂಡಿರುವುದೇ ಅದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ.

ನೆಲವನ್ನು ಕಳೆಯುವವರು ಮಾತ್ರವಲ್ಲ, ಉಳಿಸಹೊರಟವರೂ ಎಡವಿದ್ದುಂಟು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿಸಿದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ನೀಲಗಿರಿ ನೆಡುತೋಪುಗಳು ಬಯಲನ್ನು ಆವರಿಸಿದವು. ಬಯಲನ್ನೇ ನಂಬಿದ ಎರೆಭೂತ ಹಕ್ಕಿಗೆ ಅಲ್ಲಿ ನೆಲೆಯಿಲ್ಲದಾಯಿತು. ರಾಜಸ್ಥಾನದ ಭರತಪುರದಲ್ಲಿ 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದಾಗ ಗೋಲಿಬಾರ್ ನಡೆದು ಹಳ್ಳಿಗರು ಪ್ರಾಣ ಕಳೆದುಕೊಂಡರು. ಎಮ್ಮೆಗಳು ಹೋದ ಮೇಲೆ ಜೊಂಡು, ಹುಲ್ಲು ನೀರನ್ನೇ ಮುಚ್ಚಿ, ಯಾವ ಹಕ್ಕಿಗಳಿಗಾಗಿ ನಿಷೇಧ ಬಂದಿತೋ ಅವುಗಳಿಗೇ ತೊಡಕಾಯಿತು. ನಮ್ಮಲ್ಲಿಯೂ, 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ಹುಲಿಯೂ ಅದರ ನಾಲ್ಕು ಮರಿಗಳೂ ವಿಷದಿಂದ ಸತ್ತ ಬಳಿಕ, ಕಾಡುಗಳಲ್ಲಿ ಮೇಯಿಸುವುದನ್ನು ತಡೆಯಬೇಕೆಂಬ ಸೂಚನೆ ಹೊರಟಿತು. ಹುಲಿಯ ಕಾಡಿಗೆ ಅದು ತಕ್ಕುದಾಗಿರಬಹುದು. ಅದೇ ಅಳತೆಗೋಲನ್ನು ಬಯಲುಸೀಮೆಯ ತೆರೆದ ಕಾಡಿಗೆ ಹಿಡಿಯುವುದು ಸರಿಯಲ್ಲ. ಹಾಗೆಂದು ವರ್ಷವಿಡೀ ಎಗ್ಗಿಲ್ಲದೆ ಮೇಯಿಸಬಹುದೆಂದು ನಾವು ಹೇಳುವುದಿಲ್ಲ. ಬೇರುಸಹಿತ ಮೇಯ್ದ ನೆಲದಲ್ಲಿ ಉಳಿಯುವುದು ಲಂಟಾನವೂ ಕಲ್ಲೂ ಮಾತ್ರ. ಮೇವಿನ ಕಾಲವನ್ನೂ ದನಗಳ ಸಂಖ್ಯೆಯನ್ನೂ ಗೊತ್ತುಪಡಿಸುವುದೇ ಹಳೆಯ ಕಾವಲಿನ ಗುಟ್ಟಾಗಿದ್ದಿತು.

ಇಂಗ್ಲೆಂಡಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ರಾಜನ ಬೇಟೆಗೆಂದು ಕಾಯ್ದಿಟ್ಟ ‘ನ್ಯೂ ಫಾರೆಸ್ಟ್’ 2005ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುತ್ತಲಿನ ಹಕ್ಕುದಾರರ ಕುದುರೆ, ದನಗಳು ಇಂದಿಗೂ ಅಲ್ಲಿ ಮೇಯುತ್ತವೆ. ಆ ಮೇವೇ ಅಲ್ಲಿನ ಸಂರಕ್ಷಣೆಯ ಸಾಧನ. ನಮ್ಮ ಜಿಲ್ಲೆಯಲ್ಲಿಯೂ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿರುವುದುಂಟು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಾದರೋ ಯಾವ ಕಾವಲು ಯಾವ ಋತುವಿನದಾಗಿತ್ತು, ಅದರ ಎಲ್ಲೆ ಎಲ್ಲಿತ್ತು, ಯಾವ ಹಟ್ಟಿಯ ಮಂದೆ ಅಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಗ್ರಾಮನಕಾಶೆಗಳಿಂದಲೂ, ‘ಕಾವಲ್’ ಎಂದು ಕೊನೆಗೊಳ್ಳುವ ಊರ ಹೆಸರುಗಳಿಂದಲೂ, ಹಿರಿಯ ದನಗಾಹಿಗಳ ಮಾತಿನಿಂದಲೂ ಕೂಡಿಸಬಹುದು. ಇತಿಹಾಸದ ವಿದ್ಯಾರ್ಥಿಗಳಿಬ್ಬರು, ಸಸ್ಯಶಾಸ್ತ್ರದವರೊಬ್ಬರು ಒಂದು ಬೇಸಗೆಯ ರಜೆಯನ್ನು ಇದಕ್ಕೆ ಕೊಟ್ಟರೆ ಒಂದು ಹೋಬಳಿಯ ಮಟ್ಟಿಗಾದರೂ ಈ ಕೆಲಸ ಆಗುತ್ತದೆ.