ವೇದಿಕೆಯಿಂದ ಮನೆಗೆ ಬಂದ ಪ್ರೊಸೆಸರ್

ಗಣೇಶೋತ್ಸವಕ್ಕೆ, ನವರಾತ್ರಿಗೆ ಸೌಂಡ್ ಸಿಸ್ಟಂ ಬಾಡಿಗೆ ಕೊಡುವವರು ಹೊಸ ಸಾಮಾನು ಕೊಂಡಾಗ ಹಳೆಯದನ್ನು ಮಾರುತ್ತಾರೆ. 19 ಇಂಚು ಅಗಲದ ಸಿಗ್ನಲ್ ಪ್ರೊಸೆಸರ್ ಹೀಗೆ ಕೈಬದಲಾಗುವ ಪೆಟ್ಟಿಗೆ. ಅದು ಆಂಪ್ಲಿಫೈಯರ್‌ಗಿಂತ ಮುಂಚೆ ನಿಂತು, ಬಂದ ಧ್ವನಿಯನ್ನು ಅಂಕಿಗಳಾಗಿಸಿ, ಬೇಕಾದ ಕಂಪನಾಂಕಗಳನ್ನು ಏರಿಸಿ ಇಳಿಸಿ, ಮತ್ತೆ ವಿದ್ಯುತ್ ಅಲೆಯಾಗಿ ಮುಂದಕ್ಕೆ ಕಳಿಸುತ್ತದೆ.

ಠಾಣೆ ಬಳಿಯ ದಿವಾದ ಪುಟ್ಟ ಫ್ಲಾಟಿನಲ್ಲಿ ಇದಕ್ಕೆ ಒಳ್ಳೆಯ ಕೆಲಸವಿದೆ. ಎದುರುಬದುರು ಗೋಡೆಗಳ ನಡುವೆ 3.4 ಮೀಟರ್ ಇದ್ದರೆ, ಸುಮಾರು 50 ಹರ್ಟ್ಜ್ ಧ್ವನಿಯ ಅರ್ಧ ಅಲೆ ಅಲ್ಲಿ ಸರಿಯಾಗಿ ಹಿಡಿಯುತ್ತದೆ. ಕಾಂಕ್ರೀಟ್ ಗೋಡೆ ಅದನ್ನು ಹೀರುವುದಿಲ್ಲ. ಹಾಗಾಗಿ ಅಷ್ಟು ತಗ್ಗಿನ ಸ್ವರ ಬಂದಾಗಲೆಲ್ಲ ಕೋಣೆ ಗುಮ್ಮೆನ್ನುತ್ತದೆ, ಹಾಡುಗಾರನ ದನಿ ಅದರಡಿ ಮುಚ್ಚಿಹೋಗುತ್ತದೆ. ಆ ಒಂದು ಕಂಪನಾಂಕವನ್ನಷ್ಟೇ ತಗ್ಗಿಸುವುದು ಪ್ರೊಸೆಸರಿಗೆ ಸುಲಭ.

ಕೊಂಡ ಪೆಟ್ಟಿಗೆಯನ್ನು ನೇರವಾಗಿ ಸ್ಪೀಕರಿಗೆ ಜೋಡಿಸಬೇಡಿ. ಹಿಂದಿನವರ ಸೆಟಿಂಗ್ ಒಳಗೇ ಉಳಿದಿರುತ್ತದೆ. ಬಾಸ್‌ಗೆಂದು ಬೇರ್ಪಡಿಸಿದ ಔಟ್‌ಪುಟ್ ಏರುಸ್ವರಕ್ಕಷ್ಟೇ ಇರುವ ನಿಮ್ಮ ಟ್ವೀಟರಿಗೆ ಹೋದರೆ ಅದರ ಕಾಯಿಲ್ ಸುಟ್ಟೀತು. ಮೊದಲು ಫ್ಯಾಕ್ಟರಿ ರೀಸೆಟ್. ಬಳಿಕ ಕಂಪ್ಯೂಟರಿನ ಔಟ್‌ಪುಟ್ಟನ್ನು ಪ್ರೊಸೆಸರಿಗೆ, ಪ್ರೊಸೆಸರಿನದನ್ನು ಮರಳಿ ಕಂಪ್ಯೂಟರಿಗೆ ಕೊಟ್ಟು, ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ 20ರಿಂದ 20,000 ಹರ್ಟ್ಜ್‌ವರೆಗೆ ಅಳೆಯಿರಿ. ಎಡಬಲದ ಗೆರೆಗಳು ಒಂದರ ಮೇಲೊಂದು ಕೂರಬೇಕು. ಒಂದು ಗಂಟೆ ಕಾದ ಮೇಲೆ ಮತ್ತೊಮ್ಮೆ ಅಳೆಯುವುದು ಒಳ್ಳೆಯದು; ಕೆಲವು ದೋಷಗಳು ಪೆಟ್ಟಿಗೆ ಬಿಸಿಯಾದಾಗಲೇ ಬಯಲಾಗುತ್ತವೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮೌನದ್ದು. ಹಾಡು ನಿಲ್ಲಿಸಿ, ಸ್ಪೀಕರಿಗೆ ಕಿವಿ ಹಚ್ಚಿ. ಗುಂಯ್ ಎಂಬ ಸದ್ದಿದ್ದರೆ ಅರ್ತಿಂಗ್ ಸುತ್ತು (ಗ್ರೌಂಡ್ ಲೂಪ್) ಅಥವಾ ಪವರ್ ಸಪ್ಲೈಯನ್ನು ಸಂಶಯಿಸಿ. ಸುಯ್ ಎಂಬ ಸದ್ದಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ವೇದಿಕೆಯ ಪ್ರೊಸೆಸರುಗಳು ಸಾಮಾನ್ಯವಾಗಿ 10 ವೋಲ್ಟ್ ಆಸುಪಾಸಿನ ಸಿಗ್ನಲ್ಲಿಗೆ ಹೊಂದಿಕೊಂಡವು. ಮನೆಯ ಆಂಪ್ಲಿಫೈಯರ್ 1 ವೋಲ್ಟಿಗೇ ಪೂರ್ಣ ಕೂಗುತ್ತದೆ. ಯಂತ್ರದ ಗದ್ದಲವಂತೂ ಅಷ್ಟೇ ಇರುತ್ತದೆ. ಸಿಗ್ನಲ್ ಹತ್ತರಲ್ಲೊಂದು ಪಾಲಾದರೆ ಹಾಡಿಗೂ ಗದ್ದಲಕ್ಕೂ ಇರುವ ಅಂತರ 20 ಡೆಸಿಬಲ್ ಕುಗ್ಗುತ್ತದೆ. ಬಯಲಿನ ಜನಜಂಗುಳಿಯಲ್ಲಿ ಅದು ಯಾರಿಗೂ ಕೇಳದು. ಮಲ್ಲಿಕಾರ್ಜುನ ಮನ್ಸೂರರ ಆಲಾಪಕ್ಕೆ ಮುನ್ನ ತಂಬೂರಿ ಮಾತ್ರ ಮಿಡಿಯುವಾಗ ಚೆನ್ನಾಗಿಯೇ ಕೇಳುತ್ತದೆ.

ಇದಕ್ಕೆ ದಾರಿಯಿದೆ. ಬೆಹ್ರಿಂಗರ್ ಡಿಇಕ್ಯೂ2496ರಂಥ ಯಂತ್ರಗಳಿಗೆ ಆಪ್ಟಿಕಲ್ ಇನ್‌ಪುಟ್ ಇದೆ. ಅಲ್ಲಿ ಪೂರ್ತಿ ಮಟ್ಟದ ಸಿಗ್ನಲ್ ಕೊಡಿ. ವಾಲ್ಯೂಮನ್ನು ಪ್ರೊಸೆಸರಿನ ಒಳಗಲ್ಲ, ಅದರ ನಂತರ, ಆಂಪ್ಲಿಫೈಯರಿಗೆ ಮುನ್ನ ರೆಸಿಸ್ಟರುಗಳ ಜೋಡಿಯಿಂದ ಇಳಿಸಿ. ಹಾಡಿನೊಂದಿಗೆ ಗದ್ದಲವೂ 20 ಡೆಸಿಬಲ್ ಇಳಿಯುತ್ತದೆ.

ಮೈಕ್ ಇಟ್ಟು ಕೋಣೆಯ ಧ್ವನಿಯನ್ನು ಅಳೆಯಲು ಮಾತ್ರ ಹೊತ್ತು ನೋಡಬೇಕು. 2022ರಲ್ಲಿ ಠಾಣೆ–ದಿವಾ ನಡುವೆ ಐದನೇ, ಆರನೇ ಹಳಿಗಳೂ ಬಂದಿವೆ. ರೈಲಿನ ಸದ್ದು ಕೂಡಾ ತಗ್ಗಿನ ಕಂಪನಾಂಕಗಳಲ್ಲೇ ಮೈಕಿಗೆ ಸೇರುತ್ತದೆ. ಲೋಕಲ್‌ಗಳು ನಿಂತ ರಾತ್ರಿ, ನೆರೆಯವರಿಗೆ ತೊಂದರೆಯಾಗದ ಮಟ್ಟದಲ್ಲಿ ತಗ್ಗಿನಿಂದ ಏರುಸ್ವರಕ್ಕೆ ಸಾಗುವ ನಿಧಾನದ ಸ್ವೀಪ್ ನುಡಿಸಿ. ಬಂದ ಗೆರೆಯಲ್ಲಿ ಉಬ್ಬುಗಳನ್ನಷ್ಟೇ ತಗ್ಗಿಸಿ. ಅಲೆಗಳು ಪರಸ್ಪರ ಅಳಿಸಿಕೊಂಡ ಹಳ್ಳವನ್ನು ಪ್ರೊಸೆಸರ್ ತುಂಬಲಾರದು: ಎಷ್ಟು ಏರಿಸಿದರೂ ಪ್ರತಿಫಲನವೂ ಅಷ್ಟೇ ಏರುತ್ತದೆ, ಆಂಪ್ಲಿಫೈಯರ್ ಬಿಸಿಯಾಗುತ್ತದೆ. ಅಲ್ಲಿ ಕುರ್ಚಿಯನ್ನೋ ಸ್ಪೀಕರನ್ನೋ ಒಂದೆರಡು ಅಡಿ ಸರಿಸಿ, ಮತ್ತೆ ಅಳೆಯಿರಿ.