ಹೊಸ ಲ್ಯಾಪ್‌ಟಾಪ್‌ಗೆ ಹಗುರ ಲಿನಕ್ಸ್: ಹಾಕೋ ಮುಂಚೆ ಇಷ್ಟು ತಿಳ್ಕೊಳ್ಳಿ

ಸೈದಾಪುರ: ಡಿಗ್ರಿ ಸೇರಿದ ಮಕ್ಕಳಿಗೆ ಕಂತಿನ ಮೇಲೆ ಹೊಸ ಲ್ಯಾಪ್‌ಟಾಪ್ ಕೊಡಿಸೋದು ಈಗ ಸಾಮಾನ್ಯ. ಆದರೆ ಕಂತು ಮುಗಿಯೋ ಮುಂಚೆನೇ ‘ಹೊಸದೇ ಅದ, ಆದ್ರೂ ಯಾಕ ಇಷ್ಟು ಸ್ಲೋ?’ ಅನ್ನೋ ಮಾತು ಶುರುವಾಗುತ್ತೆ. ಎಷ್ಟೋ ಸಲ ಯಂತ್ರದಲ್ಲಿ ದೋಷ ಇರೋದಿಲ್ಲ. ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಮಾತ್ರ ಇರುತ್ತೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳಿರೋ ಕನಿಷ್ಠ ಮಿತಿಯೂ ಅಷ್ಟೇ. ಅಂದ್ರೆ ಬರೀ ಆನ್ ಮಾಡಿದ್ರೆನೇ ರ‍್ಯಾಮ್‌ನ ಅರ್ಧಕ್ಕಿಂತ ಹೆಚ್ಚು ಖರ್ಚು. ಅಪ್‌ಡೇಟ್ ಬಂದಾಗ ಸ್ಟೋರೇಜ್‌ನಲ್ಲೂ ಜಾಗ ಸಾಲಲ್ಲ.

ಇದಕ್ಕೆ ಒಂದು ದಾರಿ ಹಗುರ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಇವತ್ತು ಆಂಡ್ರಾಯ್ಡ್ ಮೊಬೈಲ್‌ಗಳ ಒಳಗೂ ಇದೆ. ಇದು ಉಚಿತ, ಲೈಸೆನ್ಸ್ ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಇಲ್ಲದೆ ‘ಡಾಸ್ ಲ್ಯಾಪ್‌ಟಾಪ್’ ಅಂತ ಕಡಿಮೆ ಬೆಲೆಗೆ ತಂದು, ಅದಕ್ಕೆ ಕಳ್ಳ ವಿಂಡೋಸ್ ಹಾಕಿಸಿಕೊಂಡು ವೈರಸ್ ತಂದುಕೊಳ್ಳೋದಕ್ಕಿಂತ ಇದು ಸುರಕ್ಷಿತ.

ಯಾವುದನ್ನು ಆರಿಸೋದು?

ಲಿನಕ್ಸ್‌ನಲ್ಲಿ ನೂರಾರು ಬಗೆ ಇವೆ. ಹಗುರವಾದವುಗಳಲ್ಲಿ ಲುಬುಂಟು, ಕ್ಸುಬುಂಟು, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಸಬರಿಗೆ ಸುಲಭ. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮ. ಪಪ್ಪಿ, ಆಂಟಿಎಕ್ಸ್ ಇನ್ನೂ ಹಗುರ. ಆದ್ರೆ ಅವು ಹಳೇ ಯಂತ್ರಗಳಿಗೆ ಚೆನ್ನಾಗಿ ಹೊಂದುತ್ತವೆ. ಹೊಸ ಲ್ಯಾಪ್‌ಟಾಪ್‌ನ ವೈಫೈ, ಟಚ್‌ಪ್ಯಾಡ್ ಕೆಲಸ ಮಾಡಬೇಕಂದ್ರೆ ಹೊಸ ಕರ್ನಲ್ ಬೇಕು. ಹಾಗಾಗಿ ಬರೀ ಹಗುರ ನೋಡಬೇಡಿ, ಇತ್ತೀಚಿನ ಆವೃತ್ತಿಯನ್ನೇ ತಗೊಳ್ಳಿ.

ಒಂದು ಮಾತು ನೆನಪಿರಲಿ: ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದ್ರೆ ಯಾವ ಲಿನಕ್ಸ್ ಆದ್ರೂ ತಿಣುಕುತ್ತೆ.

ಮೊದಲು ಪೆನ್‌ಡ್ರೈವ್‌ನಲ್ಲಿ ನೋಡಿ

8 ಜಿಬಿ ಪೆನ್‌ಡ್ರೈವ್ ಸಾಕು. ಅಧಿಕೃತ ಜಾಲತಾಣದಿಂದ ಫೈಲ್ ಇಳಿಸಿಕೊಂಡು, ರೂಫಸ್ ಅಥವಾ ಬಲೆನಾ ಎಚ್ಚರ್‌ನಿಂದ ಪೆನ್‌ಡ್ರೈವ್‌ಗೆ ಹಾಕಬೇಕು. ಪೆನ್‌ಡ್ರೈವ್‌ನಲ್ಲಿದ್ದ ಹಳೇದೆಲ್ಲ ಅಳಿಸಿಹೋಗುತ್ತೆ. ಅದರಿಂದ ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಏನೂ ಇನ್‌ಸ್ಟಾಲ್ ಮಾಡದೇ ಲಿನಕ್ಸ್ ಓಡಿಸಿ ನೋಡಬಹುದು. ವೈಫೈ, ಧ್ವನಿ, ಕ್ಯಾಮೆರಾ, ಬ್ಲೂಟೂತ್, ಮುಚ್ಚಿ ತೆರೆದಾಗ ಎಚ್ಚರ ಆಗೋದು, ಎಲ್ಲ ಪರೀಕ್ಷಿಸಿ. ಸರಿ ಹೋಗದಿದ್ರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ, ವಿಂಡೋಸ್ ಇದ್ದ ಹಾಗೇ ಇರುತ್ತೆ.

ಇಲ್ಲಿ ಎಡವಬೇಡಿ

ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನಾಗೇ ಬಿದ್ದಿರಬಹುದು. ಸೆಕ್ಯೂರ್ ಬೂಟ್ ಅಥವಾ ಬಯಾಸ್ ಸೆಟ್ಟಿಂಗ್ ಬದಲಿಸಿದ್ರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಅದು ಇಲ್ಲಾಂದ್ರೆ ಪ್ರಾಜೆಕ್ಟ್, ಫೋಟೋ, ಅಂಕಪಟ್ಟಿ ಎಲ್ಲ ಕೈತಪ್ಪುತ್ತೆ. ಕೀಯನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಡಿ, ಹಾಳೆ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ. ಫೈಲ್‌ಗಳ ಪ್ರತಿ ಬೇರೆ ಕಡೆ ಇರಲಿ. ಉಬುಂಟು, ಮಿಂಟ್ ಬಳಗದವು ಸೆಕ್ಯೂರ್ ಬೂಟ್ ಆನ್ ಇದ್ದಾಗಲೂ ನಡೆಯುತ್ತವೆ, ಆಫ್ ಮಾಡೋ ಅವಸರ ಬೇಡ.

ಇನ್‌ಸ್ಟಾಲ್ ಮಾಡುವಾಗ ‘ಪೂರ್ತಿ ಡಿಸ್ಕ್ ಅಳಿಸು’ ಅನ್ನೋದನ್ನು ಒತ್ತಿದ್ರೆ ವಿಂಡೋಸ್ ಹೋದಂತೆಯೇ. ಎರಡೂ ಬೇಕಿದ್ರೆ ‘ಜೊತೆಯಲ್ಲಿ ಇರಿಸು’ ಆರಿಸಿ. 64 ಜಿಬಿ ಸ್ಟೋರೇಜ್‌ನಲ್ಲಿ ಮಾತ್ರ ಎರಡಕ್ಕೂ ಜಾಗ ಸಾಲೋದು ಕಷ್ಟ.

ಕನ್ನಡ ಟೈಪಿಂಗ್ ಹೇಗೆ?

ನುಡಿ ತಂತ್ರಾಂಶ ರೂಢಿಯಾದವರಿಗೆ ಒಳ್ಳೇ ಸುದ್ದಿ ಇದೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ‘ಕನ್ನಡ, ಕಗಪ’ ವಿನ್ಯಾಸ ಸಿಗುತ್ತೆ, ಯುನಿಕೋಡ್‌ನಲ್ಲೇ ಅಕ್ಷರ ಮೂಡುತ್ತೆ. ಆದ್ರೆ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳನ್ನು ಯುನಿಕೋಡ್‌ಗೆ ಬದಲಿಸದೇ ತೆರೆದ್ರೆ ಅರ್ಥವಾಗದ ಅಕ್ಷರಗಳೇ ಕಾಣೋದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸ್ ಮೇಲೆಯೇ ಪಾಠ ನಡೀತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯೋದೂ ಅದರಲ್ಲೇ.

ಯಾರಿಗೆ ಬೇಡ?

ಟ್ಯಾಲಿ ಕಲಿಯೋ ಬಿ.ಕಾಂ ವಿದ್ಯಾರ್ಥಿಗಳು ವಿಂಡೋಸ್ ಉಳಿಸಿಕೊಳ್ಳೋದೇ ಒಳ್ಳೇದು. ಬೆರಳಚ್ಚು ಯಂತ್ರ ಬಳಸೋ ಸೇವಾ ಕೇಂದ್ರದವರೂ ತಮ್ಮ ಯಂತ್ರಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ವಿಚಾರಿಸಬೇಕು. ಹಳೇ ಪ್ರಿಂಟರ್ ಇದ್ದವರಿಗೂ ಇದೇ ಮಾತು. ಬ್ರೌಸರ್‌ನಲ್ಲಿ ಓದು, ವಿದ್ಯಾರ್ಥಿವೇತನದ ಅರ್ಜಿ, ಲಿಬ್ರೆ ಆಫೀಸ್‌ನಲ್ಲಿ ಟೈಪಿಂಗ್, ಪ್ರೋಗ್ರಾಮಿಂಗ್ ಕಲಿಕೆ ಇಷ್ಟೇ ಸಾಕು ಅನ್ನೋರಿಗೆ ಹಗುರ ಲಿನಕ್ಸ್ ಧಾರಾಳವಾಗಿ ಸಾಕು.

ರಿಪೇರಿಗೆ ಸೈದಾಪುರದಿಂದ ಯಾದಗಿರಿಗೋ ರಾಯಚೂರಿಗೋ ಓಡಬೇಕಾದವರು ಪರೀಕ್ಷೆ ಹತ್ತಿರ ಇರುವಾಗ ಈ ಕೆಲಸಕ್ಕೆ ಕೈ ಹಾಕಬಾರದು. ರಜೆಯಲ್ಲಿ ಮಾಡಿದ್ರೆ, ಏನಾದ್ರೂ ತಪ್ಪಿದರೂ ಸರಿಪಡಿಸೋಕೆ ಸಮಯ ಇರುತ್ತೆ.