ಕಲಿತ ದಾರಿಯನ್ನು ಬಲ್ಲ ಬೋಧಕರು: ಅಮೆರಿಕದ ವಯಸ್ಕರ ಇಂಗ್ಲಿಷ್ ತರಗತಿಗಳಲ್ಲಿ ಸಿಬ್ಬಂದಿಯ ವೈವಿಧ್ಯ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ತರಗತಿಗಳು ಸಮುದಾಯ ಕಾಲೇಜು, ಸಾರ್ವಜನಿಕ ಗ್ರಂಥಾಲಯ, ಸ್ವಯಂಸೇವಾ ಸಂಸ್ಥೆ ಮೊದಲಾದವುಗಳ ಆಶ್ರಯದಲ್ಲಿ ನಡೆಯುತ್ತವೆ. ದಿನವಿಡೀ ದುಡಿದು ಸಂಜೆ ಬರುವ ಕಾರ್ಮಿಕರು, ಯುದ್ಧಪೀಡಿತ ನಾಡುಗಳ ನಿರಾಶ್ರಿತರು, ಮಕ್ಕಳ ಮನೆಯಲ್ಲಿ ನೆಲೆಸಲು ಬಂದ ಹಿರಿಯರು ಒಂದೇ ಕೊಠಡಿಯಲ್ಲಿ ಕೂಡುತ್ತಾರೆ. ಕೆಲವರು ತಮ್ಮ ನಾಡಿನಲ್ಲಿ ಪದವೀಧರರು. ಇನ್ನು ಕೆಲವರು ಯಾವ ಲಿಪಿಯನ್ನೂ ಕಲಿಯದವರು. ಕಲಿಯುವವರು ಇಷ್ಟು ಬಗೆಯವರಾಗಿರುವಾಗ ಕಲಿಸುವವರು ಯಾರಾಗಿರಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇಂಗ್ಲಿಷನ್ನು ಮಾತೃಭಾಷೆಯಾಗಿ ಪಡೆದವರೇ ಉತ್ತಮ ಬೋಧಕರೆಂಬುದು ಈ ಪ್ರಶ್ನೆಗೆ ಬಹುಕಾಲ ದೊರೆತ ಉತ್ತರ. 1961ರಲ್ಲಿ ಉಗಾಂಡದ ಮಕರೆರೆಯಲ್ಲಿ ಇಂಗ್ಲಿಷ್ ಬೋಧನೆಯನ್ನು ಕುರಿತು ನಡೆದ ಕಾಮನ್‌ವೆಲ್ತ್ ಸಮ್ಮೇಳನದ ಚಿಂತನೆಯಲ್ಲಿ ಈ ನಂಬಿಕೆ ಬೇರೂರಿತ್ತು. ರಾಬರ್ಟ್ ಫಿಲಿಪ್ಸನ್ ಅವರು 1992ರ ‘ಲಿಂಗ್ವಿಸ್ಟಿಕ್ ಇಂಪೀರಿಯಲಿಸಂ’ ಗ್ರಂಥದಲ್ಲಿ ಆ ಚಿಂತನೆಯನ್ನು ಪರಿಶೀಲಿಸಿ, ಅದರ ಐದು ಆಧಾರಸೂತ್ರಗಳನ್ನು ಐದು ಭ್ರಮೆಗಳೆಂದು ಕರೆದರು. ಮಾತೃಭಾಷಿಕನೇ ಆದರ್ಶ ಬೋಧಕನೆಂಬುದು ಅವುಗಳಲ್ಲೊಂದು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂಬುದು ಮತ್ತೊಂದು. ಇವೆರಡೂ ಒಂದನ್ನೊಂದು ಪೋಷಿಸುತ್ತವೆ. ತರಗತಿಯಲ್ಲಿ ಬೇರೆ ಭಾಷೆಗೆ ಎಡೆಯಿಲ್ಲವೆಂದಾದರೆ ಬೋಧಕನ ಬಹುಭಾಷಿಕತೆಗೂ ಬೆಲೆಯಿಲ್ಲವೆಂದಾಗುತ್ತದೆ.

ಈ ನಂಬಿಕೆ ನೇಮಕ ಮಾಡುವವರ ಮನಸ್ಸಿನಲ್ಲಷ್ಟೇ ಅಲ್ಲ, ಕೇಳುವವರ ಕಿವಿಯಲ್ಲೂ ನೆಲೆಸಿರುತ್ತದೆ. ಡೊನಾಲ್ಡ್ ರೂಬಿನ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಧ್ವನಿಮುದ್ರಿತ ಉಪನ್ಯಾಸವನ್ನು ಕೇಳಿಸಲಾಯಿತು. ಮಾತನಾಡಿದವರು ಇಂಗ್ಲಿಷಿನ ಮಾತೃಭಾಷಿಕರೇ ಆಗಿದ್ದರು. ಕೆಲವರಿಗೆ ಬಿಳಿಯ ಮಹಿಳೆಯ, ಮತ್ತೆ ಕೆಲವರಿಗೆ ಏಷ್ಯಾ ಮೂಲದ ಮಹಿಳೆಯ ಚಿತ್ರವನ್ನು ಉಪನ್ಯಾಸಕಿಯದೆಂದು ತೋರಿಸಲಾಯಿತು. ಧ್ವನಿ ಒಂದೇ ಆಗಿದ್ದರೂ ಏಷ್ಯಾ ಮೂಲದ ಮುಖವನ್ನು ಕಂಡವರಿಗೆ ಪರಕೀಯ ಉಚ್ಚಾರ ಕೇಳಿಸಿತು. ಅವರಿಗೆ ಉಪನ್ಯಾಸ ಅರ್ಥವಾದದ್ದೂ ಕಡಿಮೆ. ‘ಉಚ್ಚಾರ ಸರಿಯಿಲ್ಲ’ ಎಂಬ ತೀರ್ಪು ಕೆಲವೊಮ್ಮೆ ಮುಖವನ್ನು ಕುರಿತ ತೀರ್ಪೇ ಆಗಿರುತ್ತದೆ ಎಂಬುದನ್ನು ಈ ಅಧ್ಯಯನ ಸೂಚಿಸಿತು.

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಬೋಧಕರು ತರಗತಿಗೆ ತರುವ ತಿಳಿವಳಿಕೆಯನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಸ್ಪ್ಯಾನಿಷ್ ಭಾಷಿಕರು ‘ಸ್ಕೂಲ್’ ಎಂಬುದನ್ನು ‘ಎಸ್ಕೂಲ್’ ಎನ್ನುವುದುಂಟು. ಸಕಾರದೊಡನೆ ಮತ್ತೊಂದು ವ್ಯಂಜನ ಕೂಡಿ ಪದ ಆರಂಭವಾಗುವುದನ್ನು ಸ್ಪ್ಯಾನಿಷಿನ ಧ್ವನಿನಿಯಮ ಒಪ್ಪದು. ಹಳ್ಳಿಗಾಡಿನ ಕನ್ನಡದಲ್ಲಿ ‘ಇಸ್ಕೂಲು’ ಎಂಬ ಮಾತನ್ನು ಕೇಳಿದವರಿಗೆ ಇದು ಹೊಸದಲ್ಲ. ಈ ನಿಯಮವನ್ನು ಬಲ್ಲ ಬೋಧಕರು ತಪ್ಪನ್ನು ಅಜಾಗ್ರತೆಯೆಂದು ಗದರಿಸದೆ ಅದರ ಮೂಲವನ್ನೇ ತೋರಿಸಬಲ್ಲರು. ಮಾತೃಭಾಷಿಕ ಬೋಧಕರೂ ಕಲಿಯುವವರ ಭಾಷೆಯನ್ನು ಅಭ್ಯಾಸ ಮಾಡಿ ಈ ಅರಿವನ್ನು ಪಡೆಯಬಹುದು. ಆದುದರಿಂದ ಅವರನ್ನು ಹೊರಗಿಡುವುದು ವೈವಿಧ್ಯದ ಉದ್ದೇಶವಲ್ಲ; ಎರಡೂ ಬಗೆಯ ಅನುಭವ ಒಂದೇ ಸಂಸ್ಥೆಯಲ್ಲಿ ಕೂಡುವಂತೆ ಮಾಡುವುದು ಅದರ ಉದ್ದೇಶ.

ಎಲ್ಸಾ ಆಯರ್‌ಬ್ಯಾಕ್ ಅವರು 1993ರ ಲೇಖನವೊಂದರಲ್ಲಿ, ತರಗತಿಯಿಂದ ಕಲಿಯುವವರ ಭಾಷೆಯನ್ನು ಹೊರಗಿಡುವ ರೂಢಿಯ ಹಿಂದೆ ಬೋಧನಾಶಾಸ್ತ್ರಕ್ಕಿಂತ ಅಧಿಕಾರದ ಸಂಬಂಧಗಳೇ ಕೆಲಸ ಮಾಡುತ್ತವೆಂದು ವಾದಿಸಿದರು. ಬಾಸ್ಟನ್ನಿನಲ್ಲಿ ಅವರು ತೊಡಗಿದ್ದ ಯೋಜನೆಯಲ್ಲಿ ವಲಸಿಗ ಸಮುದಾಯಗಳವರನ್ನೇ ಬೋಧಕರನ್ನಾಗಿ ತರಬೇತಿಗೊಳಿಸಲಾಯಿತು. ಕಲಿಯುವವನೇ ಮುಂದೆ ಕಲಿಸುವವನಾಗಬಹುದೆಂಬ ದಾರಿಯನ್ನು ಅದು ತೆರೆದಿಟ್ಟಿತು. ಮುಂದೆ ‘ಟೆಸೋಲ್’ ಎಂಬ ಬೋಧಕರ ಅಂತಾರಾಷ್ಟ್ರೀಯ ಸಂಘಟನೆ, ಮಾತೃಭಾಷಿಕರಲ್ಲದ ಬೋಧಕರ ವಿರುದ್ಧದ ತಾರತಮ್ಯವನ್ನು ಖಂಡಿಸಿ 2006ರಲ್ಲಿ ನಿಲುವು ಪ್ರಕಟಿಸಿತು. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಏಳನೆಯ ಅಧ್ಯಾಯವೂ ರಾಷ್ಟ್ರೀಯ ಮೂಲದ ಆಧಾರದಲ್ಲಿ ಉದ್ಯೋಗ ನಿರಾಕರಿಸುವುದನ್ನು ನಿಷೇಧಿಸುತ್ತದೆ.

ಆದರೆ ಸಿಬ್ಬಂದಿಯ ತಲೆಯೆಣಿಕೆ ಮಾತ್ರದಿಂದ ವೈವಿಧ್ಯ ಸಿದ್ಧಿಸದು. ಯಾರು ಯಾವ ಹುದ್ದೆಯಲ್ಲಿದ್ದಾರೆ ಎಂಬುದೇ ಮುಖ್ಯ. ದ್ವಿಭಾಷಿಕರೆಲ್ಲ ದಾಖಲಾತಿಯ ಮೇಜಿನ ಮುಂದಿದ್ದು, ಪಠ್ಯವನ್ನೂ ಪರೀಕ್ಷೆಯನ್ನೂ ನಿರ್ಧರಿಸುವವರು ಏಕಭಾಷಿಕರೇ ಆಗಿದ್ದರೆ ಒಟ್ಟು ಸಂಖ್ಯೆ ಸುಂದರವಾಗಿ ಕಾಣಬಹುದು, ತರಗತಿ ಬದಲಾಗದು. ಈ ಕ್ಷೇತ್ರದಲ್ಲಿ ಅರೆಕಾಲಿಕ ಬೋಧಕರೇ ಹೆಚ್ಚು. ಸ್ಥಿರ ವೇತನವಿಲ್ಲದ ಕೆಲಸದಲ್ಲಿ ಉಳಿಯಲು ಬೇರೆ ಆದಾಯ ಬೇಕು. ಹೊಸದಾಗಿ ನೆಲೆಯೂರುತ್ತಿರುವವರಿಗೆ ಅಂಥ ಆಸರೆ ಸುಲಭವಲ್ಲ. ತರಗತಿಯ ಹೊರಗೆ ಅನುವಾದಕ್ಕೂ ಅರ್ಜಿ ತುಂಬುವುದಕ್ಕೂ ದ್ವಿಭಾಷಿಕ ಬೋಧಕರನ್ನೇ ಕರೆದು, ಆ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ಅವರ ಬಹುಭಾಷಿಕತೆ ಅವರಿಗೇ ಹೊರೆಯಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆಯೊಂದಿದೆ. ಗ್ವಾಟೆಮಾಲಾದಿಂದ ಬಂದವರೆಲ್ಲ ಸ್ಪ್ಯಾನಿಷ್ ಭಾಷಿಕರೆಂದು ಭಾವಿಸಿ, ಸ್ಪ್ಯಾನಿಷ್ ಬಲ್ಲ ಬೋಧಕರನ್ನು ಕೊಟ್ಟರೆ ಸಾಕೆನ್ನುವುದು ಸುಲಭ. ಆ ನಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ. ಮಾಮ್ ಅಥವಾ ಕೀಚೆ ಮನೆಮಾತಿನವರಿಗೆ ಸ್ಪ್ಯಾನಿಷೂ ಕಲಿತ ಭಾಷೆಯೇ. ಕೆಲವರಿಗೆ ಅದು ಅಷ್ಟಾಗಿ ಬಾರದು. ಹೀಗೆ ದೇಶದ ಹೆಸರಿನಿಂದ ಭಾಷೆಯನ್ನು ಊಹಿಸಿದಾಗ ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು ಮರೆಯಾಗುತ್ತಾರೆ. ದಾಖಲಾತಿಯ ವೇಳೆ ಹುಟ್ಟಿದ ದೇಶವನ್ನಷ್ಟೇ ಅಲ್ಲದೆ ಮನೆಯಲ್ಲಾಡುವ ಮಾತನ್ನೂ ಓದುಬರಹ ಬಲ್ಲ ಭಾಷೆಯನ್ನೂ ಬೇರೆಬೇರೆಯಾಗಿ ಕೇಳುವುದು ಇದಕ್ಕೆ ಮೊದಲ ಪರಿಹಾರ. ಆ ಉತ್ತರಗಳನ್ನು ಮುಂದಿಟ್ಟುಕೊಂಡು ನೇಮಕ ಮಾಡುವುದು ಎರಡನೆಯದು.

ಗಡಿನಾಡಿನ ಕನ್ನಡಿಗರಿಗೆ ಈ ಮರೆಯಾಗುವಿಕೆ ಅಪರಿಚಿತವಲ್ಲ. ಕೇರಳದವರೆಂದರೆ ಮಲಯಾಳಿಗಳು, ಮಹಾರಾಷ್ಟ್ರದವರೆಂದರೆ ಮರಾಠಿಗರು ಎಂಬ ಊಹೆಯಲ್ಲಿ ಕಾಸರಗೋಡಿನ ಕನ್ನಡವೂ ಜತ್ತದ ಕನ್ನಡವೂ ಕಾಣೆಯಾಗುತ್ತವೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ನೇಮಕಗೊಂಡಾಗ ಕಾಸರಗೋಡಿನಲ್ಲಿ ಪ್ರತಿಭಟನೆಗಳು ನಡೆದಿವೆ. ಅಲ್ಲಿನ ವಯಸ್ಕರು ಹೊಸ ನಾಡಿನ ಭಾಷೆಯನ್ನು ಅರಸಿ ಬಂದವರು. ಇಲ್ಲಿನ ಮಕ್ಕಳು ತಮ್ಮದೇ ನೆಲದಲ್ಲಿ ತಮ್ಮ ಭಾಷೆಯಲ್ಲಿ ಕಲಿಯಬೇಕಾದವರು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುವುದರಿಂದ ಇಲ್ಲಿನ ಹೊಣೆ ಇನ್ನೂ ಗುರುತರವಾದುದು. ಸಂದರ್ಭಗಳು ಬೇರೆಯಾದರೂ ಎರಡು ಕಡೆಯೂ ನೇಮಕಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಎದುರು ಕುಳಿತವರು ಯಾವ ಭಾಷೆಯಲ್ಲಿ ಯೋಚಿಸುತ್ತಾರೆಂಬುದು ಕಲಿಸುವವರಿಗೆ ಗೊತ್ತಿದೆಯೇ?